ನಡುಗುವ ಚಕ್ರದ ನೂರು ವರ್ಷ

ಪಾರ್ಟ್ಸ್ ಅಂಗಡಿಯ ಕೌಂಟರಿನ ಮೇಲೆ ಇಟ್ಟರೆ ಸ್ಟೇರಿಂಗ್ ಡ್ಯಾಂಪರ್ ಯಾರ ಕಣ್ಣನ್ನೂ ಸೆಳೆಯುವ ಸಾಮಾನಲ್ಲ. ಮೊಳದುದ್ದದ ಕಬ್ಬಿಣದ ಕೊಳವೆ, ಒಳಗೆ ಎಣ್ಣೆ, ಎಣ್ಣೆಯೊಳಗೆ ಓಡಾಡುವ ಪಿಸ್ಟನ್. ಒಂದು ತುದಿಯನ್ನು ಚಾಸಿಗೋ ಆಕ್ಸಲಿಗೋ ಕಟ್ಟುತ್ತೇವೆ, ಇನ್ನೊಂದನ್ನು ಚಕ್ರ ತಿರುಗಿಸುವ ಕಂಬಿಗಳಾದ ಟೈ ರಾಡಿಗೋ ಡ್ರ್ಯಾಗ್ ಲಿಂಕಿಗೋ. ಡ್ರೈವರ್ ನಿಧಾನವಾಗಿ ತಿರುಗಿಸಿದರೆ ಎಣ್ಣೆ ಸಣ್ಣ ತೂತುಗಳಲ್ಲಿ ಹಾದು ದಾರಿ ಕೊಡುತ್ತದೆ. ಚಕ್ರ ಪಟಪಟನೆ ಬಡಿದುಕೊಂಡರೆ ಅದೇ ಎಣ್ಣೆ ಅಡ್ಡ ನಿಲ್ಲುತ್ತದೆ. ಅಮೆರಿಕದ ಪಿಕಪ್ ಓಡಿಸುವವರು ಇದನ್ನು ಸ್ಟೆಬಿಲೈಸರ್ ಎನ್ನುತ್ತಾರೆ. ಹಳೆಯದು ಸೋರಿ ಸತ್ತಾಗ ಬದಲಿಗೆ ಯಾವುದನ್ನು ಹಾಕಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ ಅಲ್ಲಿ ಎಷ್ಟೋ ಕಂಪನಿಗಳು ವ್ಯಾಪಾರ ನಡೆಸುತ್ತವೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ಮುಂಚಕ್ರ ನಡುಗಲು ಶುರುವಾದದ್ದು ಯಾವಾಗ, ಯಾಕೆ ಎಂಬುದನ್ನು ಮೊದಲು ತಿಳಿಯಬೇಕು ಎಂದು ನಾನು ನಂಬಿದ್ದೇನೆ.

ನಾನು ಸಕಲೇಶಪುರದವನು. ಜೀಪು ಬಿಚ್ಚಿ ಕಟ್ಟುವುದು ನಮ್ಮ ಮನೆಯ ಕಸುಬು. ಅಪ್ಪನ ಕೈಕೆಳಗೆ ಪಾನಾ ಹಿಡಿದು ಕಲಿತವನು. ಆದ್ದರಿಂದ ಈ ಚರಿತ್ರೆಯನ್ನು ಗಾಡಿಯ ಅಡಿಯಲ್ಲಿ ಮಲಗಿ ಕಂಡಂತೆ ಹೇಳುತ್ತೇನೆ.

ಮೋಟಾರು ಹುಟ್ಟಿದ ಮೊದಲ ಕೆಲವು ದಶಕ ಈ ನಡುಕ ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. ಟೈರು ಸಪೂರ, ಒಳಗೆ ಗಾಳಿಯ ಒತ್ತಡ ಜಾಸ್ತಿ, ರಸ್ತೆ ಕೆಟ್ಟದ್ದು, ಓಟ ನಿಧಾನ. 1923ರಲ್ಲಿ ಫೈರ್‌ಸ್ಟೋನ್ ಕಂಪನಿ ಬಲೂನ್ ಟೈರುಗಳನ್ನು ತಂದಿತು. ಅಗಲ ಹೆಚ್ಚು, ಗಾಳಿಯ ಒತ್ತಡ ಹಳೆಯದರ ಸುಮಾರು ಅರ್ಧ. ಕುಳಿತವರಿಗೆ ಹಿತವಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಂದಿನ ಚಕ್ರಗಳಿಗೂ ಬ್ರೇಕು ಬಂತು. ಡ್ಯೂಸನ್‌ಬರ್ಗ್ 1921ರಲ್ಲೇ ನಾಲ್ಕು ಚಕ್ರಕ್ಕೂ ಬ್ರೇಕು ಕೊಟ್ಟಿತ್ತು, ಬ್ಯೂಕ್ 1924ರ ಮಾಡೆಲ್ಲಿಗೆ ಅದನ್ನು ಹಾಕಿತು. ಅಮೆರಿಕದ ಸರ್ಕಾರ 1921ರಲ್ಲಿ ಹೆದ್ದಾರಿ ಕಾಯ್ದೆ ಮಾಡಿ ರಾಜ್ಯಗಳಿಗೆ ರಸ್ತೆಯ ಹಣ ಕೊಟ್ಟ ಮೇಲೆ ಊರೂರಿನ ನಡುವೆ ನಯವಾದ ದಾರಿಗಳಾದವು. ಟೈರು ಮೆತ್ತಗಾಯಿತು, ಚಕ್ರದ ತೂಕ ಏರಿತು, ರಸ್ತೆ ಸುಧಾರಿಸಿತು, ಓಟ ಹೆಚ್ಚಿತು. ಒಂದೊಂದೂ ಜನರಿಗೆ ಬೇಕಾಗಿದ್ದದ್ದೇ. ಎಲ್ಲ ಒಟ್ಟಿಗೆ ಬಂದಾಗ ಚೆನ್ನಾಗಿ ಓಡುತ್ತಿದ್ದ ಕಾರುಗಳ ಮುಂಚಕ್ರ ಇದ್ದಕ್ಕಿದ್ದಂತೆ ಬಡಿದುಕೊಳ್ಳತೊಡಗಿತು.

ಕಾರಣ ಮುಂದಿನ ಆಕ್ಸಲಿನಲ್ಲಿತ್ತು. ಆಗಿನ ಕಾರುಗಳ ಮುಂದೆ ಎಡಚಕ್ರದಿಂದ ಬಲಚಕ್ರದ ತನಕ ಒಂದೇ ಉಕ್ಕಿನ ತೊಲೆ ಇರುತ್ತಿತ್ತು. ತಿರುಗುತ್ತಿರುವ ಬುಗುರಿಯನ್ನು ಒಂದು ಕಡೆಗೆ ತಳ್ಳಿದರೆ ಅದು ಆ ಕಡೆಗೆ ಬೀಳದೆ ಪಕ್ಕಕ್ಕೆ ಹೊರಳುತ್ತದಲ್ಲ, ಓಡುವ ಚಕ್ರಕ್ಕೂ ಅದೇ ಗುಣ. ಎಡಚಕ್ರ ಒಂದು ಉಬ್ಬು ಹತ್ತಿದೊಡನೆ ತೊಲೆ ವಾಲುತ್ತದೆ, ಜೊತೆಗೆ ಎರಡೂ ಚಕ್ರ ವಾಲುತ್ತವೆ. ವಾಲಿದ ಚಕ್ರ ಸುಮ್ಮನಿರದೆ ಪಕ್ಕಕ್ಕೆ ತಿರುಗಲು ನೋಡುತ್ತದೆ. ಹಾಗೆ ತಿರುಗಿದ್ದೇ ತೊಲೆಯನ್ನು ಮತ್ತೆ ಇನ್ನೊಂದು ಕಡೆಗೆ ವಾಲಿಸುತ್ತದೆ. ಮೆತ್ತನೆಯ ಟೈರು ಇದಕ್ಕೆಲ್ಲ ಜಾಗ ಕೊಡುತ್ತದೆ. ಯಾವುದೋ ಒಂದು ಸ್ಪೀಡಿನಲ್ಲಿ ಈ ವಾಲುವುದು, ಆ ತಿರುಗುವುದು ಎರಡೂ ಒಂದೇ ಲಯಕ್ಕೆ ಬಿದ್ದರೆ ಗಾಡಿಯ ಓಟವೇ ನಡುಕಕ್ಕೆ ಬಲ ಕೊಡುತ್ತ ಹೋಗುತ್ತದೆ. ಮತ್ತೆ ಓಟ ಇಳಿಸುವ ತನಕ ಅದು ನಿಲ್ಲುವುದಿಲ್ಲ.

ಇದನ್ನು ಮೊದಲು ಲೆಕ್ಕಕ್ಕೆ ತಂದವರಲ್ಲಿ ಫ್ರಾನ್ಸಿನ ಜಾರ್ಜ್ ಬ್ರೂಲಿಯೆ ಒಬ್ಬರು. ಪ್ಯಾರಿಸಿನ ಎಂಜಿನಿಯರುಗಳ ಸಂಘದಲ್ಲಿ 1925ರಲ್ಲಿ ಅವರು ಸ್ಟೇರಿಂಗ್ ನಡುಕದ ಮೇಲೆಯೇ ಪ್ರಬಂಧ ಮಂಡಿಸಿದರು. ಗಾಳಿ ತುಂಬಿದ ಟೈರು ತಾನು ಮುಖಮಾಡಿದ ದಿಕ್ಕಿಗೇ ನೇರವಾಗಿ ಉರುಳುವುದಿಲ್ಲ, ಪಕ್ಕದ ಒತ್ತಡ ಬಿದ್ದಾಗ ಸ್ವಲ್ಪ ಓರೆಯಾಗಿ ಉರುಳುತ್ತದೆ ಎಂಬುದನ್ನು ಅವರು ತೋರಿಸಿದರು. ಇಂದು ಟೈರಿನ ವಿದ್ಯೆ ಎಂದು ಕಾಲೇಜಿನಲ್ಲಿ ಕಲಿಸುವುದಕ್ಕೆಲ್ಲ ಬುನಾದಿ ಈ ಒಂದು ಮಾತು. ನಡುಗುವ ಚಕ್ರದ ಬೆನ್ನು ಹತ್ತಿದವರಿಗೆ ಅದು ಸಿಕ್ಕಿತು ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ. ಇಪ್ಪತ್ತು ವರ್ಷದ ನಂತರ, 1945ರಲ್ಲಿ, ರಷ್ಯಾದ ಗಣಿತಜ್ಞ ಮ್ಸ್ತಿಸ್ಲಾವ್ ಕೆಲ್ದಿಶ್ ವಿಮಾನದ ಮೂಗಿನಡಿಯ ಚಕ್ರ ನೆಲ ಮುಟ್ಟಿದಾಗ ಯಾಕೆ ಬಡಿದುಕೊಳ್ಳುತ್ತದೆ ಎಂಬುದರ ಮೇಲೆ ಬರೆದರು, ಮರುವರ್ಷ ಆ ಕೆಲಸಕ್ಕೆ ಸ್ಟಾಲಿನ್ ಪ್ರಶಸ್ತಿ ಬಂತು. ವಿಮಾನದ ಮುಂಚಕ್ರಕ್ಕೆ ಇವತ್ತಿಗೂ ಎಣ್ಣೆಯ ಡ್ಯಾಂಪರ್ ಕಟ್ಟುತ್ತಾರೆ.

ಕಾರಿನ ಕಂಪನಿಗಳು ಮಾತ್ರ ಮೊದಲು ಹತ್ತಿರದ ದಾರಿ ಹಿಡಿದವು. ಮುಂದಿನ ಸ್ಪ್ರಿಂಗನ್ನು ಗಟ್ಟಿ ಮಾಡಿದವು, ಸ್ಟೇರಿಂಗಿನ ಕೀಲುಗಳಲ್ಲಿ ಬಿಗಿ ಹೆಚ್ಚಿಸಿದವು. ನಡುಕ ಅಡಗಿತು, ಸವಾರಿಯ ಸುಖ ಹೋಯಿತು. ಬೇರಿಗೇ ಕೈಹಾಕಿದವರು ಮಾರಿಸ್ ಓಲಿ. ವೇಲ್ಸಿನಲ್ಲಿ ಹುಟ್ಟಿ, ರೋಲ್ಸ್ ರಾಯ್ಸ್ ಕಂಪನಿಯಲ್ಲಿ ದುಡಿದು, 1930ರಲ್ಲಿ ಡೆಟ್ರಾಯಿಟಿನ ಕ್ಯಾಡಿಲಾಕ್ ಸೇರಿದವರು. 1932ರಲ್ಲಿ ಅವರು ತೂಕಗಳನ್ನು ಹಿಂದೆ ಮುಂದೆ ಸರಿಸಬಹುದಾದ ಒಂದು ಪರೀಕ್ಷೆಯ ಗಾಡಿ ಕಟ್ಟಿಸಿದರು. ಯಂತ್ರದ ಅಳತೆಯನ್ನು ಮಾತ್ರ ನಂಬದೆ, ಜನರನ್ನು ಕೂರಿಸಿ ರಸ್ತೆಯಲ್ಲಿ ಓಡಿಸಿ ಮೈಗೆ ಹೇಗನ್ನಿಸುತ್ತದೆ ಎಂದು ನೋಡಿದರು. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆತ್ತಗಿದ್ದರೆ ಸವಾರಿ ಸಮನಾಗಿರುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಆದರೆ ತೊಲೆಯ ಆಕ್ಸಲಿಗೆ ಅಷ್ಟು ಮೆತ್ತನೆಯ ಸ್ಪ್ರಿಂಗು ಹಾಕಿದರೆ ಮತ್ತೆ ನಡುಕ. ಹಾಗಾಗಿ ತೊಲೆಯನ್ನೇ ತೆಗೆದರು. 1934ರ ಮಾಡೆಲ್ಲಿನ ಕ್ಯಾಡಿಲಾಕ್, ಬ್ಯೂಕ್, ಷೆವ್ರೊಲೆಗಳಲ್ಲಿ ಎರಡೂ ಮುಂಚಕ್ರ ಬೇರೆ ಬೇರೆಯಾಗಿ ಏರಿಳಿಯತೊಡಗಿದವು. ಕಾರುಗಳ ಮಟ್ಟಿಗೆ ಸಮಸ್ಯೆ ಅಲ್ಲಿಗೆ ಬಹುಪಾಲು ಮುಗಿಯಿತು.

ಮಲೆನಾಡಿಗೆ ಸಂಬಂಧಪಟ್ಟ ಕತೆ ಇನ್ನೊಬ್ಬರದು. ಬಾರ್ನಿ ರೂಸ್ ಎಂದು ಎಲ್ಲರೂ ಕರೆಯುತ್ತಿದ್ದ ಡೆಲ್ಮಾರ್ ರೂಸ್ 1935ರ ಸ್ಟೂಡಿಬೇಕರ್ ಕಾರಿಗೆ ಮುಂಚಕ್ರಗಳನ್ನು ಬಿಡಿಸುವ ಒಂದು ಸಸ್ಪೆನ್ಶನ್ ಮಾಡಿಕೊಟ್ಟವರು. ತೊಲೆಯ ಆಕ್ಸಲಿನ ದೋಷ ಏನೆಂದು ಜಗತ್ತಿನಲ್ಲಿ ಚೆನ್ನಾಗಿ ಬಲ್ಲ ಕೆಲವರಲ್ಲಿ ಅವರೊಬ್ಬರು. ಆಮೇಲೆ ಅವರು ವಿಲ್ಲಿಸ್ ಕಂಪನಿಗೆ ಬಂದರು. 1940ರಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಒಂದು ಸಣ್ಣ ಗಾಡಿ ಕೇಳಿತು. ಮೊದಲು ಮಾಡಿ ಒಯ್ದದ್ದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ, ಸೆಪ್ಟೆಂಬರ್ 23ರಂದು, ಹೋಲಾಬರ್ಡ್ ಸೇನಾ ಶಿಬಿರಕ್ಕೆ. ಕೊನೆಗೆ ಗೆದ್ದದ್ದು ರೂಸ್ ಬಲಪಡಿಸಿದ 60 ಕುದುರೆ ಶಕ್ತಿಯ ಎಂಜಿನ್ ಇದ್ದ ವಿಲ್ಲಿಸ್. ಜೀಪು ಎಂದು ಹೆಸರಾದ ಆ ಗಾಡಿಯ ಮುಂದೆ ರೂಸ್ ತಮ್ಮದೇ ನಾಜೂಕಿನ ಸಸ್ಪೆನ್ಶನ್ ಇಡಲಿಲ್ಲ. ಎಂಜಿನ್ನಿನ ಬಲ ಮುಂಚಕ್ರಕ್ಕೂ ಹೋಗಬೇಕಿತ್ತು, ಯುದ್ಧಭೂಮಿಯಲ್ಲಿ ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡುವಂತಿರಬೇಕಿತ್ತು, ಲಕ್ಷಗಟ್ಟಲೆ ಬೇಗ ಮಾಡಬೇಕಿತ್ತು. ತೊಲೆಯ ಆಕ್ಸಲ್, ಎಲೆ ಸ್ಪ್ರಿಂಗು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅದೇ ವಿಲ್ಲಿಸ್ ಮನೆಮಂದಿಗಾಗಿ ಸ್ಟೇಷನ್ ವ್ಯಾಗನ್ ಮಾಡಿದಾಗ ರೂಸ್ ಮತ್ತೆ ಬಿಡಿ ಚಕ್ರದ ಸಸ್ಪೆನ್ಶನ್ ಹಾಕಿದರು. ಯಾವ ಗಾಡಿಗೆ ಯಾವುದು ಎಂಬ ವಿವೇಕ ಅವರಿಗಿತ್ತು. ಎಂಜಿನಿಯರುಗಳಲ್ಲಿ ನಾನು ಮನಸ್ಸಿನಲ್ಲೇ ಕೈಮುಗಿಯುವವರು ಇವರು.

ವಿಲ್ಲಿಸ್, ಫೋರ್ಡ್ ಎರಡೂ ಸೇರಿ ಯುದ್ಧಕಾಲದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಯುದ್ಧದ ನಂತರ ಭಾರತದಲ್ಲಿ ಉಳಿದವು ಹರಾಜಾದವು. 1949ರಲ್ಲಿ ಬಿಡಿಭಾಗಗಳಾಗಿ ಬಂದ 75 ಜೀಪುಗಳ ಮೊದಲ ಕಂತನ್ನು ಮಹೀಂದ್ರಾ ಕಂಪನಿ ಮುಂಬಯಿಯ ಮಜಗಾಂವಿನಲ್ಲಿ ಜೋಡಿಸಿತು. ಆಮೇಲೆ ಬಾನೆಟ್ ಎತ್ತರವಾದ ಸಿಜೆ-3ಬಿ ಬಂತು. ವಿಲ್ಲಿಸ್ ಕಂಪನಿಯೇ ಇಲ್ಲವಾದ ಮೇಲೂ ಆ ಗಾಡಿಯ ವಂಶ ನಮ್ಮಲ್ಲಿ ದಶಕಗಳ ಕಾಲ ಬೆಳೆಯಿತು. ಕಾಫಿ ತೋಟದವರಿಗೆ ಅದು ಆಳು, ಗೊಬ್ಬರ, ಡೀಸೆಲ್ ಪಂಪು, ಮದುವೆ ದಿಬ್ಬಣ, ಆಸ್ಪತ್ರೆ ಎಲ್ಲಕ್ಕೂ ಒಂದೇ ಗಾಡಿ. ಕೊಡಗಿನಲ್ಲಿ ಇದರ ಪಕ್ಕಕ್ಕೆ ಜೋಂಗಾ ಬಂತು. ಜಬಲ್ಪುರದ ಸೇನಾ ಕಾರ್ಖಾನೆಯಲ್ಲಿ 1969ರಿಂದ ನಿಸಾನ್ ಮಾದರಿಯ ಮೇಲೆ ಕಟ್ಟಿದ ಆ ಭಾರದ ಗಾಡಿಗಳು ಸೇನೆಯಿಂದ ಕಳಚಿ ಹರಾಜಿಗೆ ಬಂದಾಗ ಕೊಡಗಿನವರು ಪ್ರೀತಿಯಿಂದ ಕೊಂಡರು. ಅದರ ಮುಂದೆಯೂ ತೊಲೆಯ ಆಕ್ಸಲ್, ಎಲೆ ಸ್ಪ್ರಿಂಗು.

ಹಳೆಯ ಜೀಪಿನ ಸ್ಟೇರಿಂಗಿನಲ್ಲಿ ಸವೆಯುವ ಜಾಗಗಳು ಬಹಳ. ರಾಸ್ ಎಂಬ ಸ್ಟೇರಿಂಗ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕು ನಡುವಿನ ಬೆಲ್ ಕ್ರ್ಯಾಂಕಿಗೆ ಬರುತ್ತದೆ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಟೈ ರಾಡು ಹೋಗುತ್ತದೆ. ಬೆಲ್ ಕ್ರ್ಯಾಂಕಿನ ಪಿನ್ನು ಸವೆದರೆ ಕೂದಲೆಳೆಯಷ್ಟು ಪ್ಲೇ ಚಕ್ರದ ಅಂಚಿಗೆ ಹೋಗುವಷ್ಟರಲ್ಲಿ ಬೆರಳಗಲ ಆಗುತ್ತದೆ. ಚಕ್ರ ತಿರುಗುವುದು ಕಿಂಗ್ ಪಿನ್ನಿನ ಮೇಲೆ. ಮಳೆಗಾಲದ ಕೆಂಪು ಕೆಸರು ಫೆಲ್ಟಿನ ಸೀಲು ದಾಟಿ ಒಳಗೆ ಹೋಗಿ ಗ್ರೀಸಿನ ಜೊತೆ ಬೆರೆತು ಬೇರಿಂಗನ್ನು ಅರೆಯುತ್ತದೆ. ಆಷಾಢದಲ್ಲಿ ಹೊಳೆ ದಾಟಿದ ಜೀಪು ಕಾಫಿ ಕುಯ್ಲಿನ ಹೊತ್ತಿಗೆ ಸ್ಟೇರಿಂಗ್ ಶೇಕ್ ಎಂದು ನಮ್ಮಲ್ಲಿಗೆ ಬರುವುದು ವರ್ಷ ವರ್ಷದ ಕ್ರಮ.

ಅಪ್ಪ ಜೀಪಿಗೆ ಡ್ಯಾಂಪರ್ ಹಾಕಿದವರಲ್ಲ. ಹಳೆಯ ಜೀಪಿಗೆ ಕಂಪನಿಯೇ ಅದನ್ನು ಕೊಟ್ಟಿರಲಿಲ್ಲ. ಅವರು ಮುಂದೆ ಜಾಕಿ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು, ಆಮೇಲೆ ಎಡ ಬಲ ಹಿಡಿದು. ಮೇಲೆ ಕೆಳಗೆ ಆಡಿದರೆ ಚಕ್ರದ ಬೇರಿಂಗೋ ಕಿಂಗ್ ಪಿನ್ನೋ, ಎಡ ಬಲಕ್ಕೆ ಆಡಿದರೆ ಟೈ ರಾಡಿನ ತುದಿ. ಕಿಂಗ್ ಪಿನ್ನಿನ ಮುಚ್ಚಳದಡಿ ಕಾಗದದಷ್ಟು ತೆಳುವಾದ ಶಿಮ್ಮುಗಳಿರುತ್ತವೆ. ಒಂದೊಂದೇ ತೆಗೆದು, ಟೈ ರಾಡ್ ಕಳಚಿದ ತೋಳಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು, ಚಕ್ರ ಎಷ್ಟು ಪೌಂಡಿಗೆ ಕದಲುತ್ತದೆ ಎಂದು ಓದುತ್ತಿದ್ದರು. ಮೂಟೆ ಹೊತ್ತು ಸ್ಪ್ರಿಂಗ್ ಪ್ಲೇಟು ಕುಸಿದು ಆಕ್ಸಲು ಮುಂದಕ್ಕೆ ಹೊರಳಿದ್ದರೆ ಪ್ಲೇಟಿಗೂ ಆಕ್ಸಲಿಗೂ ನಡುವೆ ಓರೆಯ ವೆಡ್ಜು ಕೊಟ್ಟು ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ನು ಹಿಂದಕ್ಕೆ ವಾಲಿರುವ ಕೋನ, ಸರಿಮಾಡುತ್ತಿದ್ದರು. “ನಡುಕ ಎಲ್ಲಿಂದ ಬರ್ತದೆ ಅಂತ ಗೊತ್ತಾಗೋ ತನಕ ಏನೂ ಹಾಕಬೇಡ ಮಗಾ, ತೆಗೀತಾ ಹೋಗು” ಎನ್ನುತ್ತಿದ್ದರು. ಗ್ಯಾರೇಜಿಗೆ ಬಂದ ಎಲ್ಲರಿಗೂ ಅಷ್ಟು ತಾಳ್ಮೆ ಇರುತ್ತಿರಲಿಲ್ಲ. ಅಪ್ಪ ಕಾಯಿಸುತ್ತಿದ್ದರು.

ಒಂದು ವಿಷಯ ನನಗೆ ಬಹಳ ತಡವಾಗಿ ಹೊಳೆಯಿತು, ಈ ಬರಹದಲ್ಲಿ ನನಗೆ ಮುಖ್ಯವೆನಿಸುವುದೂ ಅದೇ. ಅಪ್ಪನ ಕಾಲದ ಜೀಪುಗಳು ಸವೆದದ್ದಕ್ಕೆ ಹೋಲಿಸಿದರೆ ನಡುಗಿದ್ದು ಕಡಿಮೆ. ಬಿಸಿಲೆ, ಹಾನುಬಾಳು, ಮೂಡಿಗೆರೆಯ ಆಗಿನ ರಸ್ತೆಗಳಲ್ಲಿ ನಡುಕ ಹುಟ್ಟುವ ಸ್ಪೀಡಿಗೆ ಗಾಡಿ ಹೋಗುತ್ತಲೇ ಇರಲಿಲ್ಲ. ಇವತ್ತಿಗೂ ಕೊಡಚಾದ್ರಿಗೋ ಮಾಂದಲಪಟ್ಟಿಗೋ ಪ್ರವಾಸಿಗರನ್ನು ಹತ್ತಿಸುವ ಜೀಪುಗಳ ಮುಂದಿನ ಕೀಲುಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಫಸ್ಟ್ ಗೇರಿನಲ್ಲಿ ತೆವಳುವ ಗಾಡಿ ನಡುಗುವುದಿಲ್ಲ. ನಮ್ಮೂರಿನ ಮೂಲಕ ಹಾದುಹೋಗುವ, ಹಿಂದೆ 48 ಎನ್ನುತ್ತಿದ್ದ ಈಗಿನ 75ನೇ ನಂಬರಿನ ಹೆದ್ದಾರಿ ಅಗಲವಾಗುತ್ತ ಬಂತು. ಶಿರಾಡಿ ಘಾಟಿಯನ್ನು 2015ರಲ್ಲೂ 2018ರಲ್ಲೂ ಮುಚ್ಚಿ ಕಾಂಕ್ರೀಟು ಹಾಕಿದರು. ತೋಟದೊಳಗೆ ಇದ್ದ ಜೀಪುಗಳು ಹಾಸನಕ್ಕೆ ಎಪ್ಪತ್ತರ ಸ್ಪೀಡಿನಲ್ಲಿ ಹೋಗತೊಡಗಿದವು, ಚಂದ ಕಾಣಲೆಂದು ಅಗಲದ ಟೈರು ಹಾಕಿಸಿಕೊಂಡವು. ಶೇಕ್ ಎಂದು ಬರುವವರ ಸಂಖ್ಯೆ ಆಗ ಏರಿತು. ಅಮೆರಿಕದಲ್ಲಿ 1923ರ ಸುಮಾರಿಗೆ ಆದದ್ದು, ಅದೇ ಕಾರಣಗಳಿಂದ, ನಮ್ಮ ಘಟ್ಟದ ಮೇಲೆ ನನ್ನ ಕಣ್ಣೆದುರಿಗೆ ಆಯಿತು.

ಕಾರಿನ ಸ್ಟೇರಿಂಗಿಗೇ ಎಂದು ಮಾಡಿದ ಎಣ್ಣೆಯ ಡ್ಯಾಂಪರ್ ಸಾಮಾನ್ಯರಿಗೆ ಪರಿಚಯವಾದದ್ದು ಯುದ್ಧದ ನಂತರ. ಅದಕ್ಕೂ ಮೊದಲು ಇಂಗ್ಲಿಷ್ ಮೋಟಾರ್ ಸೈಕಲ್ಲುಗಳ ಹ್ಯಾಂಡಲಿನ ನಡುವೆ ಬಿಗಿ ಮಾಡುವ ತಿರುಪು ಇರುತ್ತಿತ್ತು, ಅದು ಬರೀ ಉಜ್ಜುವಿಕೆಯಿಂದ ಹಿಡಿಯುತ್ತಿದ್ದದ್ದು. ಫೋಕ್ಸ್‌ವ್ಯಾಗನ್ ಕಂಪನಿ 1960ರ ಬೀಟಲ್ ಕಾರಿಗೆ ಎಣ್ಣೆಯ ಡ್ಯಾಂಪರ್ ಹಾಕಿತು. ನಮ್ಮ ಕಡೆ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದು 1985ರಲ್ಲಿ ಮಾರುತಿ ಜಿಪ್ಸಿ ಬಂದ ಮೇಲೆ. ಜಿಪ್ಸಿಗೂ ಮುಂದೆ ತೊಲೆಯ ಆಕ್ಸಲ್ಲೇ, ಆದರೆ ಕಂಪನಿಯಿಂದಲೇ ಡ್ಯಾಂಪರ್ ಸಮೇತ ಬರುತ್ತಿತ್ತು. ಸ್ವಲ್ಪ ಸಮಯದಲ್ಲೇ ಜಿಪ್ಸಿಯ ಡ್ಯಾಂಪರ್ ತಂದು, ಬ್ರಾಕೆಟು ವೆಲ್ಡ್ ಮಾಡಿ ಮಹೀಂದ್ರಾ ಜೀಪಿಗೆ ಕಟ್ಟುವ ಪದ್ಧತಿ ಶುರುವಾಯಿತು. ಕೀಲು ಸರಿ ಇದ್ದ ಗಾಡಿಗೆ ಅದು ನಿಜಕ್ಕೂ ಒಳ್ಳೆಯದನ್ನೇ ಮಾಡಿತು, ಗುಂಡಿಯಲ್ಲಿ ಸ್ಟೇರಿಂಗ್ ಕೈಗೆ ಹೊಡೆಯುವುದು ತಪ್ಪಿತು. ಕೀಲು ಸವೆದ ಗಾಡಿಗೆ ಕಟ್ಟಿದಾಗ ಕೆಲವು ತಿಂಗಳು ನಡುಕ ಮರೆಯಾಗಿ, ಆಮೇಲೆ ಮೊದಲಿಗಿಂತ ಜೋರಾಗಿ ಬರುತ್ತಿತ್ತು. ಅಷ್ಟರಲ್ಲಿ ಟೈ ರಾಡಿನ ತುದಿ ಕಳಚಿ ಬೀಳುವ ಹಂತಕ್ಕೆ ಬಂದಿರುತ್ತಿತ್ತು. ಇದು ಪ್ರಾಣದ ವಿಷಯ.

ಅಮೆರಿಕದ ಭಾರಿ ಪಿಕಪ್ಪುಗಳಿಗೆ ಬರೋಣ. ಕಾರುಗಳು ಬಿಟ್ಟ ತೊಲೆಯ ಆಕ್ಸಲನ್ನು ಹೊರೆ ಹೊರುವ ಗಾಡಿಗಳು ಬಿಡಲಿಲ್ಲ. ಜನರಲ್ ಮೋಟಾರ್ಸ್ 1988ರಲ್ಲಿ ತನ್ನ ಫೋರ್ ವೀಲ್ ಪಿಕಪ್ಪುಗಳ ಮುಂಚಕ್ರಗಳನ್ನು ಬಿಡಿಸಿತು. ಡಾಡ್ಜ್, ಫೋರ್ಡ್ ಭಾರದ ಮಾಡೆಲ್ಲುಗಳಲ್ಲಿ ತೊಲೆಯನ್ನೇ ಉಳಿಸಿಕೊಂಡವು. ರೈತರು, ಕಟ್ಟಡ ಕೆಲಸದವರು, ಹಿಮ ತಳ್ಳುವ ಬ್ಲೇಡು ಕಟ್ಟುವವರು ಅದನ್ನೇ ಕೇಳುತ್ತಿದ್ದರು. ಆದರೆ ಸವಾರಿ ಮೆತ್ತಗಿರಬೇಕೆಂಬ ಆಸೆಯೂ ಬಂತು. ಡಾಡ್ಜ್ ರಾಮ್ 1994ರಲ್ಲಿ, ಫೋರ್ಡಿನ ಸೂಪರ್ ಡ್ಯೂಟಿ 2005ರಲ್ಲಿ ಮುಂದಿನ ಎಲೆ ಸ್ಪ್ರಿಂಗನ್ನು ತೆಗೆದು ಕಾಯಿಲ್ ಸ್ಪ್ರಿಂಗು ಹಾಕಿದವು. ಎಲೆ ಸ್ಪ್ರಿಂಗು ಭಾರ ಹೊರುವುದರ ಜೊತೆಗೆ ಆಕ್ಸಲು ಅತ್ತಿತ್ತ ಸರಿಯದಂತೆ ಹಿಡಿದುಕೊಂಡೂ ಇರುತ್ತದೆ. ಕಾಯಿಲಿಗೆ ಆ ಶಕ್ತಿ ಇಲ್ಲ. ಅದಕ್ಕಾಗಿ ಚಾಸಿಯಿಂದ ಆಕ್ಸಲಿಗೆ ಅಡ್ಡಲಾಗಿ ಟ್ರ್ಯಾಕ್ ಬಾರ್ ಎಂಬ ಒಂದು ಕಂಬಿ ಬಂತು. ಇಡೀ ಮುಂಭಾಗದ ಅಡ್ಡ ಒತ್ತಡವೆಲ್ಲ ಆ ಕಂಬಿಯ ಎರಡು ತುದಿಯ ಮೇಲೆ. ಅಲ್ಲಿನ ಬುಷ್ಷೋ ಬೋಲ್ಟಿನ ತೂತೋ ಸ್ವಲ್ಪ ಸಡಿಲವಾದರೆ ಸಾಕು, ಹೆದ್ದಾರಿಯ ಸ್ಪೀಡಿನಲ್ಲಿ ಸೇತುವೆಯ ಕೀಲು ದಾಟಿದೊಡನೆ ಗಾಡಿಯ ಮುಂಭಾಗವೇ ಕಿತ್ತು ಹೋಗುತ್ತದೋ ಎಂಬಂಥ ನಡುಕ. ಅಲ್ಲಿನವರು ಇದನ್ನು ಡೆತ್ ವಾಬಲ್ ಎನ್ನುತ್ತಾರೆ. 2005ರಿಂದ 2019ರ ತನಕದ ಎಫ್-250, ಎಫ್-350 ಮಾಲೀಕರು ಈ ನಡುಕದ ಬಗ್ಗೆ 2019ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಅದೇ ವರ್ಷ ಜೀಪ್ ರ‍್ಯಾಂಗ್ಲರಿಗೆ ಅದರ ಕಂಪನಿ ಬದಲಿ ಡ್ಯಾಂಪರ್ ಕೊಡಲು ಮುಂದಾಯಿತು. ಚಳಿಯಲ್ಲಿ ಹಳೆಯ ಡ್ಯಾಂಪರಿನ ಎಣ್ಣೆಯೊಳಗೆ ಗುಳ್ಳೆಗಳಾಗಿ ಹಿಡಿತ ತಪ್ಪುತ್ತಿತ್ತು.

ಟೆಕ್ಸಾಸಿನಲ್ಲಿರುವ ನನ್ನ ಅಕ್ಕನ ಮಗ ಇಂಥದೇ ಒಂದು ಹಳೆಯ ಪಿಕಪ್ ಕೊಂಡಿದ್ದಾನೆ. ಹಿಂದಿನ ಮಾಲೀಕ ಅದನ್ನು ಎತ್ತರಿಸಿ 35 ಇಂಚಿನ ಟೈರು ಹಾಕಿದ್ದ. “ಮಾವ, ಸಿಂಗಲ್ ಹಾಕ್ಲಾ ಡಬಲ್ ಹಾಕ್ಲಾ? ಗ್ಯಾಸಿಂದು ಒಳ್ಳೇದಂತೆ” ಎಂದು ಫೋನು ಮಾಡಿದ. ಎಂಜಿನ್ ಚಾಲೂ ಇಟ್ಟು ಹೆಂಡತಿಗೆ ಸ್ಟೇರಿಂಗನ್ನು ಅತ್ತಿತ್ತ ಸ್ವಲ್ಪ ಸ್ವಲ್ಪ ತಿರುಗಿಸಲು ಹೇಳು, ನೀನು ಅಡಿಯಲ್ಲಿ ಮಲಗಿ ಫೋನಿನಲ್ಲಿ ತೋರಿಸು ಎಂದೆ. ಟ್ರ್ಯಾಕ್ ಬಾರಿನ ಬೋಲ್ಟು ತನ್ನ ತೂತಿನಲ್ಲೇ ಕದಲುತ್ತಿತ್ತು, ತೂತು ಉದ್ದಕ್ಕೆ ಹಿಗ್ಗಿತ್ತು. ಡ್ಯಾಂಪರಿನ ಮಾತು ಆಮೇಲೆ ಎಂದೆ. ಬ್ರಾಕೆಟು ಸರಿಮಾಡಿಸಿ, ಬುಷ್ಷು, ಬಾಲ್ ಜಾಯಿಂಟು ನೋಡಿಸಿ, ಟೈರು ಬ್ಯಾಲೆನ್ಸ್ ಮಾಡಿಸಿ, ಕ್ಯಾಸ್ಟರ್ ಅಳೆಸಿದ ನಂತರ ಹಳೆಯ ಡ್ಯಾಂಪರ್ ಕಳಚಿ ಖಾಲಿ ರಸ್ತೆಯಲ್ಲಿ ನಿಧಾನದಿಂದ ಮೇಲಕ್ಕೆ ಓಡಿಸಿ ನೋಡಿದ. ನಡುಕ ಇರಲಿಲ್ಲ. ಹೊಸ ಡ್ಯಾಂಪರ್ ಆರಿಸುವ ಸಮಯ ಅದು.

ಆರಿಸುವುದರಲ್ಲಿ ನಾನು ಮೊದಲು ನೋಡುವುದು ಉದ್ದ. ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ರಾಡು ಒಳಗೂ ಹೊರಗೂ ತಳ ಮುಟ್ಟಬಾರದು. ಮುಟ್ಟಿದರೆ ಚಕ್ರವನ್ನು ತಡೆದು ನಿಲ್ಲಿಸುವ ಕೆಲಸ ಡ್ಯಾಂಪರಿನ ಮೇಲೆ ಬೀಳುತ್ತದೆ, ಟೈ ರಾಡು ಬಾಗುತ್ತದೆ. ಎಳೆದಾಗಲೂ ಒತ್ತಿದಾಗಲೂ ಬಿಗಿ ಒಂದೇ ಇರಬೇಕು. ಸಸ್ಪೆನ್ಶನ್ನಿನ ಶಾಕ್ ಅಬ್ಸಾರ್ಬರಿನಲ್ಲಿ ಸಾಮಾನ್ಯವಾಗಿ ಎಳೆತಕ್ಕೆ ಬಿಗಿ ಹೆಚ್ಚು, ಹಾಗಾಗಿ ಅಳತೆ ಕೂಡುತ್ತದೆಂದು ಅದನ್ನು ಇಲ್ಲಿ ಕಟ್ಟುವುದು ತಪ್ಪು. ಒಳಗೆ ಗ್ಯಾಸ್ ತುಂಬಿದ ಒಂದೇ ಕೊಳವೆಯ ಡ್ಯಾಂಪರ್ ಬಿಸಿಯಾದಾಗ ಹಿಡಿತ ಬಿಡುವುದಿಲ್ಲ, ಆದರೆ ಗ್ಯಾಸು ಯಾವಾಗಲೂ ರಾಡನ್ನು ಹೊರಗೆ ತಳ್ಳುತ್ತಿರುವುದರಿಂದ ಗಾಡಿ ಒಂದು ಕಡೆಗೆ ಎಳೆಯಬಹುದು. ಎರಡೂ ತುದಿಯಿಂದ ರಾಡು ಹಾದುಹೋಗುವ ಬಗೆಯದರಲ್ಲಿ ಆ ತಳ್ಳಾಟ ಇಲ್ಲ, ಬೆಲೆ ಹೆಚ್ಚು. ಡ್ಯಾಂಪರಿಗೆ ಸುತ್ತ ಸ್ಪ್ರಿಂಗು ಸುತ್ತಿ ‘ನೇರಕ್ಕೆ ತರುತ್ತದೆ’ ಎಂದು ಮಾರುವುದನ್ನು ನಾನು ಒಪ್ಪುವುದಿಲ್ಲ. ನೇರಕ್ಕೆ ತರುವುದು ಕ್ಯಾಸ್ಟರಿನ ಕೆಲಸ. ಎರಡು ಡ್ಯಾಂಪರ್ ಹಾಕಿದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರಲು ಸೋಮಾರಿಯಾಗುತ್ತದೆ, ರಸ್ತೆಯ ಸುದ್ದಿ ಅಂಗೈಗೆ ತಲುಪುವುದಿಲ್ಲ. ಸವೆತದ ಮೊದಲ ಸೂಚನೆ ಬರುವುದೇ ಅಂಗೈಗೆ. ಕಂಪನಿಯ ಎತ್ತರ, ಕಂಪನಿಯ ಟೈರು ಇದ್ದ ಗಾಡಿಗೆ ಕಂಪನಿಯದೇ ಬಗೆಯ ಎರಡು ಕೊಳವೆಯ ಎಣ್ಣೆ ಡ್ಯಾಂಪರ್ ಸಾಕು. 35 ಇಂಚಿನ ಟೈರಿಗೆ ಅದಕ್ಕಿಂತ ಒಂದು ಹಂತ ಗಟ್ಟಿಯಾದ ಒಂದೇ ಡ್ಯಾಂಪರ್ ಹಾಕೆಂದೆ, ಎರಡೂ ಕಡೆ ರಾಡಿನದು. ಟೈ ರಾಡಿನ ಕ್ಲ್ಯಾಂಪು ಜಾರದಂತೆ, ಕೊಳವೆ ಟೈ ರಾಡಿಗೆ ಆದಷ್ಟು ಸಮಾನಾಂತರವಾಗಿ ಮಲಗುವಂತೆ ಕಟ್ಟಿಸಿದ. ಓರೆ ಹೆಚ್ಚಾದಷ್ಟೂ ಹಿಡಿತ ಕಡಿಮೆ.

ಈಗ ನಮ್ಮ ಗ್ಯಾರೇಜಿಗೆ ಜಿಮ್ನಿಗಳು ಬರುತ್ತಿವೆ. 2023ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಆ ಗಾಡಿಗೂ ಮುಂದೆ ತೊಲೆಯ ಆಕ್ಸಲ್, ಟ್ರ್ಯಾಕ್ ಬಾರ್, ಡ್ಯಾಂಪರ್. ವಾರದ ಕೊನೆಗೆ ಬೆಂಗಳೂರಿನಿಂದ ಬಿಸಿಲೆಗೆ ಹೊರಟ ಹುಡುಗರು ದಪ್ಪ ಟೈರು ಹಾಕಿಸಿಕೊಂಡು ಬಂದು, ಎಂಬತ್ತು ದಾಟಿದರೆ ನಡುಗುತ್ತೆ ಅಂಕಲ್, ಹೆವಿ ಡ್ಯಾಂಪರ್ ತಂದಿದೀವಿ, ಹಾಕಿಕೊಡಿ ಅನ್ನುತ್ತಾರೆ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಮುಂದೆ ಜಾಕಿ ಕೊಡುತ್ತೇನೆ. ಚಕ್ರ ಹಿಡಿದು ಅಲ್ಲಾಡಿಸಲು ಅವರ ಕೈಗೇ ಕೊಡುತ್ತೇನೆ, ಯಾವ ಕೀಲು ಆಡುತ್ತಿದೆ ಎಂದು ಅವರ ಬೆರಳಿಗೇ ತಿಳಿಯಲಿ ಎಂದು. ಟೈರು ಬ್ಯಾಲೆನ್ಸ್ ಮಾಡಿ, ಕಿಂಗ್ ಪಿನ್ನಿನ ಬೇರಿಂಗಿನ ಬಿಗಿಯನ್ನು ಅದೇ ಕೊಕ್ಕೆ ತಕ್ಕಡಿಯಿಂದ ಅಳೆದು, ಟ್ರ್ಯಾಕ್ ಬಾರಿನ ಬೋಲ್ಟನ್ನು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಟಾರ್ಕ್ ಪಾನಾದಲ್ಲಿ ಬಿಗಿ ಮಾಡಿ ಕಳಿಸುತ್ತೇನೆ. ಡಬ್ಬಿ ಬಿಚ್ಚದೆ ವಾಪಸ್ ಕೊಟ್ಟು, ಐನೂರು ಕಿಲೋಮೀಟರ್ ಓಡಿಸಿ ಮತ್ತೆ ತನ್ನಿ, ಆ ಬೋಲ್ಟನ್ನು ಇನ್ನೊಂದು ಸಲ ನೋಡಬೇಕು ಎಂದು ಹೇಳುತ್ತೇನೆ.